ದೊಡ್ಡಪ್ಪನವರ ಕೇಪಿನ ಕೋವಿ

ಮನೆಮಂದಿಯೆಲ್ಲರ ಓದಿಗೆಂದು ಬರುವ ಮಾಸಪತ್ರಿಕೆಯಲ್ಲಿ ಕೋವಿಯ ಮಾತೇಕೆಂದು ವಾಚಕ ಭಗಿನಿಯರು ಕೇಳಬಹುದು. ಉಪ್ಪಿನಕಾಯಿಯನ್ನೋ ಬಾಣಂತಿಯ ಆರೈಕೆಯನ್ನೋ ಕುರಿತು ಬರೆಯಬೇಕಾದ ಸ್ಥಳದಲ್ಲಿ ಸೀಸ, ಮದ್ದು, ಕೇಪುಗಳ ವಿಚಾರವು ಅಪ್ರಸ್ತುತವೆಂದು ತೋರುವದು ಸಹಜವೇ. ಆದರೆ ನಾನು ಬೆಳೆದ ಮನೆಯಲ್ಲಿ ಕೋವಿಯು ಮೊರ, ಒನಕೆ, ಬಲೆಗಳಂತೆ ಗೃಹಕೃತ್ಯಕ್ಕೆ ಸೇರಿದ ಒಂದು ವಸ್ತುವಾಗಿತ್ತು. ಅದಕ್ಕೆ ಬೇಕಾದ ಅರಿವೆ, ಎಣ್ಣೆ, ನಾರು, ಬಿಸಿನೀರು ಇವೆಲ್ಲ ಅಡಿಗೆಮನೆಯಿಂದಲೇ ಹೋಗಬೇಕಾಗಿದ್ದವು. ಅದರಿಂದ ಒದಗಬಹುದಾದ ಅಪಾಯವೂ ಕಾಡಿನದಕ್ಕಿಂತ ಹೆಚ್ಚಾಗಿ ಮನೆಯೊಳಗಿನದೇ ಆಗಿತ್ತು. ಆ ಅಪಾಯವು ಎಂಥದೆಂಬದನ್ನು ತಿಳಿಯಬೇಕಾದರೆ ಬಾಯಿಂದ ತುಂಬುವ ಕೋವಿಗೆ ಗುಂಡನ್ನು ಹಾಕುವ ಕ್ರಮವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ವಾಚಕರು ಬೇಸರಪಡಬಾರದು.

ಅಂಕೋಲೆಯ ಸೀಮೆಯನ್ನು ಕಂಡವರಿಗೆ ಅಲ್ಲಿಯ ಒಕ್ಕಲಿಗನ ಇಕ್ಕಟ್ಟು ಬೇಗನೆ ಮನದಟ್ಟಾಗುವದು. ಪಡುವಲಲ್ಲಿ ಕಡಲು, ಮೂಡಲಲ್ಲಿ ಸಹ್ಯಾದ್ರಿಯ ಕಾಡು, ನಡುವೆ ಅಂಗೈಯಗಲದ ಗದ್ದೆಯ ಬಯಲು. ಗಂಗಾವಳಿ ಹೊಳೆಯು ಘಟ್ಟವನ್ನಿಳಿದು ಕಡಲಿಗೆ ಹೋಗುವ ದಾರಿಯಲ್ಲಿ ಎರಡೂ ದಂಡೆಗಳಲ್ಲಿ ಇಂಥ ಗದ್ದೆಗಳೇ ಇವೆ. ನಮ್ಮ ಹಳ್ಳಿಯು ಆ ದಂಡೆಯಲ್ಲಿ ಕಾಡಿನ ಮಗ್ಗುಲಿಗೆ ಇರುವಂಥದು. ಭತ್ತದ ತೆನೆಯು ಹಾಲುಗಟ್ಟುವ ದಿನಗಳಲ್ಲಿ ಹಂದಿಗಳು ರಾತ್ರಿ ಹಿಂಡುಗಟ್ಟಿ ಇಳಿಯುತ್ತಿದ್ದವು. ಅವು ತಿಂದುದಕ್ಕಿಂತ ತುಳಿದುದೇ ಹೆಚ್ಚು. ಒಂದಿರುಳಿನಲ್ಲಿ ಮುಂದಿನ ಆರು ತಿಂಗಳ ಅನ್ನವು ಕೆಸರಿಗೆ ಬೀಳುತ್ತಿತ್ತು. ಆದುದರಿಂದ ಗದ್ದೆಯ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಸೋಗೆ ಹೊದಿಸಿ ಮಾಳ ಕಟ್ಟುವದು, ಸರದಿಯಂತೆ ಮಾಳ ಕಾಯುವದು ನಡೆದು ಬಂದಿತ್ತು. ಕೂಗು, ಡಬ್ಬಿಯ ಬಡಿತ, ಬೆಂಕಿ ಇವು ಮೊದಲು. ಕೋವಿಯು ಎಲ್ಲಕ್ಕೂ ಕೊನೆಯದು. ನಮ್ಮ ಮಾಳದಲ್ಲಿ ದೊಡ್ಡಪ್ಪನವರೂ ಅವರ ಸರಿಪ್ರಾಯದ ಹಾಲಕ್ಕಿ ಗೌಡರೊಬ್ಬರೂ ಜೊತೆಯಾಗಿ ಕೂಡುತ್ತಿದ್ದರು. ಈ ಜೊತೆಯು ಮೂವತ್ತು ವರ್ಷಗಳಿಗೂ ಮಿಕ್ಕಿ ನಡೆಯಿತು.

ಕೋವಿಯು ಒಂಟಿ ನಳಿಗೆಯದು, ನಳಿಗೆಯು ಎದೆಯುದ್ದ. ಒಳಗೆಲ್ಲ ನುಣುಪು, ಗೀರುಗಳಿಲ್ಲ. ಹಿಂದಿನ ತುದಿಯು ಖಾಯಮ್ಮಾಗಿ ಮುಚ್ಚಿದ್ದು. ತುಂಬುವದು, ಹೊಡೆಯುವದು ಎರಡೂ ಒಂದೇ ಬಾಯಿಂದ. ಹಿಂದುಗಡೆ ಕೇಪು ಕೂಡುವ ಸಣ್ಣ ಕೊಳವೆ, ಅದನ್ನು ಬಡಿಯುವ ಕುದುರೆ. ಈ ಕೇಪಿನ ಹುಟ್ಟಿನ ಕಥೆಯು ವಿನೋದಕರವಾಗಿದೆ. ಮೊದಲಿನ ಕೋವಿಗಳಲ್ಲಿ ಚಕಮಕಿಯ ಕಿಡಿಯು ಹೊರಗಿನ ಬಟ್ಟಲಿನ ಮದ್ದಿಗೆ ತಗಲಿ ಅಲ್ಲಿಂದ ಒಳಗೆ ಹೋಗಬೇಕಾಗಿತ್ತು. ಆ ಬೆಳಕನ್ನು ಕಂಡು ಹಕ್ಕಿಗಳು ಹಾರಿಹೋಗುತ್ತವೆಂದು ಸ್ಕಾಟ್ಲಂಡದ ಬೆಲ್‌ಹೆಲ್ವಿ ಎಂಬಲ್ಲಿಯ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗಳಿಗೆ ಕಳವಳವಾಯಿತು. ಅವರು ಬಡಿದರೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಬೆಂಕಿ ಮುಟ್ಟಿಸುವ ಉಪಾಯವನ್ನು ಕಂಡುಹಿಡಿದು 1807ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ತಾಮ್ರದ ಕೇಪು ಆ ಮೇಲೆ ಬಂದಿತು. ಪ್ರವಚನವನ್ನು ಬಿಟ್ಟು ಹಕ್ಕಿಯ ಬೇಟೆಯನ್ನು ಚಿಂತಿಸಿದ ಪಾದ್ರಿಗಳ ಫಲವು ನಮ್ಮ ಗಂಗಾವಳಿಯ ದಂಡೆಯವರೆಗೆ ಮುಟ್ಟಿತೆಂಬದನ್ನು ನೆನೆದರೆ ನನಗೆ ಈಗಲೂ ನಗೆ ಬರುತ್ತದೆ.

ಕೋವಿಗೆ ಎರಡು ಬಗೆಯ ಈಡು. ಚರೆಯ ಈಡು ಮಂಗನಿಗೆ, ಹಕ್ಕಿಗೆ. ಗುಂಡಿನ ಈಡು ಹಂದಿಗೆ. ಚರೆ ತಗಲಿದ ಹಂದಿಯು ಸಾಯುವದಿಲ್ಲ. ಗಾಯವನ್ನು ಹೊತ್ತು ಪೊದೆಯಲ್ಲಿ ಅಡಗಿರುತ್ತದೆ. ಮರುದಿನ ಸೊಪ್ಪಿಗೆ ಹೋದ ಹೆಂಗಸರ ಮೇಲೆ ಬೀಳುವದು ಅಂಥದೇ ಹಂದಿ. ಆದುದರಿಂದ ಹಂದಿಗೆ ಒಂದೇ ಗುಂಡು, ಅದೂ ಹತ್ತಿರದಿಂದ ಎಂಬದು ದೊಡ್ಡಪ್ಪನವರ ಕಟ್ಟಳೆ.

ಕೋವಿಯ ನಂಬರಿನ ಅರ್ಥವೇನೆಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ನಳಿಗೆಯ ತೂತಿಗೆ ಸರಿಯಾಗುವ ಸೀಸದ ಗುಂಡುಗಳು ಎಷ್ಟು ಕೂಡಿದರೆ ಒಂದು ಪೌಂಡು ತೂಗುವವೋ ಅಷ್ಟೇ ಅದರ ನಂಬರು. 12 ಗುಂಡಿಗೆ ಒಂದು ಪೌಂಡಾದರೆ 12ರ ಕೋವಿ. 16 ಗುಂಡಿಗಾದರೆ 16ರದು. ಆದಕಾರಣ ನಂಬರು ಹೆಚ್ಚಿದಂತೆ ತೂತು ಕಿರಿದಾಗುವದು. ನಮ್ಮದು 16ರದು, ತೂತಿನ ಅಗಲ 17 ಮಿಲಿಮೀಟರಿಗೆ ತುಸು ಕಡಿಮೆ. ಆದರೆ ಗುಂಡನ್ನು ಅಷ್ಟೇ ಅಗಲಕ್ಕೆ ಎರೆಯಬಾರದು. ಒಂದೆರಡು ಈಡು ಹಾರಿದ ಮೇಲೆ ನಳಿಗೆಯೊಳಗೆ ಮಸಿ ಕಟ್ಟುತ್ತದೆ; ಆಗ ಬಿಗಿಯಾದ ಗುಂಡು ನಡುದಾರಿಯಲ್ಲಿ ಸಿಕ್ಕಿಕೊಳ್ಳುವದು. ನಮ್ಮ ಮನೆಯ ಅಚ್ಚು 16 ಮಿಲಿಮೀಟರಿನದು. ಅದರ ಗುಂಡು ಸುಮಾರು 24 ಗ್ರಾಂ, ಹಳೆಯ ಲೆಕ್ಕದಲ್ಲಿ ಎರಡು ತೊಲೆಗೆ ಸ್ವಲ್ಪ ಹೆಚ್ಚು.

ಗುಂಡು ಎರೆಯುವ ಕೆಲಸವು ಬೇಸಗೆಯಲ್ಲಿ, ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ನಡೆಯುತ್ತಿತ್ತು. ಅಡಿಗೆಮನೆಯ ಒಲೆಯನ್ನು ದೊಡ್ಡಮ್ಮ ಎಂದೂ ಕೊಡಲಿಲ್ಲ. ಸೀಸ ಕರಗಿಸಿದ ಕಬ್ಬಿಣದ ಸೌಟು ಮರಳಿ ಮನೆಯೊಳಗೆ ಬರಕೂಡದೆಂದು ಅವರ ನಿಷ್ಠುರವಾದ ಆಜ್ಞೆಯಿತ್ತು. ಸೀಸವು ಹೊಟ್ಟೆಗೆ ಹೋದರೆ ಮಕ್ಕಳ ಬುದ್ಧಿಗೂ ನರಗಳಿಗೂ ಕೇಡೆಂಬದನ್ನು ಇಂದಿನ ವೈದ್ಯರು ಬಿಡಿಸಿ ಹೇಳುತ್ತಾರೆ; ಅವರು ಅದನ್ನು ಯಾರಿಂದಲೂ ಕಲಿಯದೆ ಆಚರಿಸಿದರು. ಎರೆಯುವ ದಿನ ಒಲೆಯ ಹತ್ತಿರ ಒಂದು ತಂಬಿಗೆ ನೀರು ಸಹ ಇಡಗೊಡುತ್ತಿರಲಿಲ್ಲ. ಕರಗಿದ ಸೀಸದೊಳಗೆ ನೀರ ಹನಿಯು ಬಿದ್ದರೆ ಅದು ಕ್ಷಣದಲ್ಲಿ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಅಚ್ಚನ್ನು ಕೂಡ ಮೊದಲು ಬೆಂಕಿಗೆ ಹಿಡಿದು ಒಣಗಿಸಿಕೊಳ್ಳುತ್ತಿದ್ದರು. ಮೊದಲ ನಾಲ್ಕೈದು ಗುಂಡುಗಳು ಸುಕ್ಕುಬೀಳುವವು. ಅವು ತಿರುಗಿ ಸೌಟಿಗೆ. ಒಳಗೆ ಟೊಳ್ಳಾದ ಗುಂಡು ತಕ್ಕಡಿಯಲ್ಲಿ ಹಗುರಾಗಿ ತೋರುವದರಿಂದ ಪ್ರತಿಯೊಂದನ್ನೂ ತೂಗಿ ನೋಡುತ್ತಿದ್ದರು.

ಇನ್ನು ತುಂಬುವ ಕ್ರಮ. ಮೊದಲು ಬರಿಯ ಕೇಪೊಂದನ್ನು ಕೂಡಿಸಿ, ನಳಿಗೆಯ ಬಾಯನ್ನು ಹುಲ್ಲಿನೆಸಳಿನ ಕಡೆಗೆ ಹಿಡಿದು ಹೊಡೆಯುವದು. ಎಸಳು ಅಲುಗಿದರೆ ಒಳದಾರಿಯು ತೆರೆದಿದೆ, ಎಣ್ಣೆ ಕಸರು ಇಲ್ಲವೆಂದು ಅರ್ಥ. ಆ ಮೇಲೆ ಮದ್ದು. ಮದ್ದನ್ನು ಬುರುಡೆಯಿಂದ ನೇರವಾಗಿ ನಳಿಗೆಗೆ ಎಂದೂ ಸುರಿಯಬಾರದು. ಹಿಂದಿನ ಈಡಿನ ಕಿಡಿಯೊಂದು ತಳದಲ್ಲಿ ಉಳಿದಿದ್ದರೆ ಬುರುಡೆಯೇ ಕೈಯಲ್ಲಿ ಸಿಡಿಯುವದು. ಬಿದಿರಿನ ಅಳತೆಯ ಕೊಳವೆಗೆ ಮೊದಲು ಹಾಕಿಕೊಂಡು, ಬುರುಡೆಯ ಬಾಯನ್ನು ಮುಚ್ಚಿ ದೂರವಿಟ್ಟು, ಆ ಮೇಲೆ ಕೊಳವೆಯಿಂದ ನಳಿಗೆಗೆ. ಅಳತೆ ಎಷ್ಟೆಂಬದನ್ನು ನಾನಿಲ್ಲಿ ಬೇಕೆಂದೇ ಬರೆಯುವದಿಲ್ಲ. ಪ್ರತಿಯೊಂದು ಕೋವಿಗೂ ಅದರದೇ ಅಳತೆಯುಂಟು. ಒಂದರದನ್ನು ಇನ್ನೊಂದಕ್ಕೆ ಹಾಕಿ ಕೈ ಕಳೆದುಕೊಂಡವರಿದ್ದಾರೆ.

ಮದ್ದಿನ ಮೇಲೆ ತೆಂಗಿನ ಕತ್ತದ ಉಂಡೆ. ಅದನ್ನು ಗಜದಿಂದ ಒತ್ತಿ ಕೂಡಿಸುವದು. ಅದರ ಮೇಲೆ ಗುಂಡು. ಗುಂಡನ್ನು ಹಾಗೆಯೇ ಉರುಳಿಸಿಬಿಟ್ಟರೆ ಅದು ನಳಿಗೆಯೊಳಗೆ ಆಚೆಗೀಚೆಗೆ ಬಡಿಯುತ್ತ ಹೋಗಿ, ಕೊನೆಯ ಬಡಿತ ಯಾವ ಮಗ್ಗುಲಿಗೋ ಆ ಕಡೆಗೆ ಸೊಟ್ಟಗೆ ಹಾರುವದು. ಆದಕಾರಣ ಕೊಬ್ಬರಿ ಎಣ್ಣೆಯಲ್ಲಿ ನೆನೆದ ತೆಳುವಾದ ಅರಿವೆಯಲ್ಲಿ ಅದನ್ನು ಸುತ್ತಿ ಇಳಿಸಬೇಕು. ಅರಿವೆಯು ತೆರವನ್ನು ತುಂಬುವದು, ಎಣ್ಣೆಯು ಮಸಿಯನ್ನು ಮೆತ್ತಗೆ ಇಡುವದು. ಅರಿವೆ ಹತ್ತಿಯದೇ ಆಗಬೇಕು, ಅದೂ ಬಹಳ ಸಲ ಒಗೆದು ಮೃದುವಾದದ್ದು. ದೊಡ್ಡಮ್ಮನವರ ಸವೆದ ಸೀರೆಗಳ ಸದ್ಗತಿಯು ಹೀಗೆ ಆಗುತ್ತಿತ್ತು.

ಎಲ್ಲಕ್ಕೂ ಮುಖ್ಯವಾದ ಮಾತು ಈಗ ಬಂದಿತು. ಗುಂಡು ಕತ್ತಕ್ಕೆ ತಾಗಿ ಕೂಡಬೇಕು. ನಡುವೆ ತೆರವು ಇರಕೂಡದು. ಗುಂಡು ಅರ್ಧ ದಾರಿಯಲ್ಲಿ ನಿಂತಿದ್ದು ಮದ್ದಿಗೆ ಬೆಂಕಿ ತಗಲಿದರೆ, ಧಾವಿಸಿ ಬಂದ ಹೊಗೆಯ ಒತ್ತಡವು ಆ ಅಡ್ಡಿಗೆ ಒಮ್ಮೆಲೆ ಬಡಿದು ನಳಿಗೆಯನ್ನು ಅಲ್ಲಿಯೇ ಉಬ್ಬಿಸುವದು, ಇಲ್ಲವೆ ಸೀಳುವದು. ಎಡಗೈ ಇರುವದೂ ಅಲ್ಲಿಯೇ. ದೊಡ್ಡಪ್ಪನವರು ಗಜವನ್ನು ಒತ್ತಿ, ಅದು ಸರಿಯಾಗಿ ಕೂತ ಗುಂಡಿನ ಮೇಲೆ ಬಿದ್ದು ಪುಟಿಯುವ ಬಗೆಯನ್ನು ಬೆರಳಿನಿಂದ ತಿಳಿಯುತ್ತಿದ್ದರು. ಆದರೂ ಬೆರಳನ್ನು ನಂಬುತ್ತಿರಲಿಲ್ಲ. ಗಜದ ಮೇಲೆ ಚೂರಿಯಿಂದ ಕೊರೆದ ಎರಡು ಗೀರುಗಳಿದ್ದವು. ಬರಿದಾದ ಕೋವಿಯಲ್ಲಿ ಗಜವನ್ನಿಳಿಸಿದರೆ ಮೇಲಿನ ಗೀರು ನಳಿಗೆಯ ಬಾಯಿಗೆ ಸಮನಾಗುವದು; ಗುಂಡಿನ ಈಡು ತುಂಬಿದ್ದರೆ ಕೆಳಗಿನದು. ಎರಡಕ್ಕೂ ನಡುವೆ ನಾಲ್ಕು ಬೆರಳು. ಗೀರು ಎರಡರ ನಡುವೆ ಎಲ್ಲಿಯಾದರೂ ನಿಂತರೆ ಇಲ್ಲವೆ ಕೆಳಗಿನ ಗೀರಿಗಿಂತಲೂ ಮೇಲೆ ಉಳಿದರೆ ಕೇಪಿಗೆ ಕೈ ಹಚ್ಚಕೂಡದು.

ಗುಂಡಿನ ಮೇಲೆ ಮತ್ತೊಂದು ತೆಳುವಾದ ಕತ್ತ, ಕೋವಿಯ ಬಾಯಿ ಕೆಳಗಾದಾಗ ಗುಂಡು ಜಾರದಂತೆ. ಕೇಪು ಮಾತ್ರ ಮನೆಯಲ್ಲಿ ಇಲ್ಲ, ದಾರಿಯಲ್ಲಿ ಇಲ್ಲ. ಮಾಳವನ್ನು ಹತ್ತಿ ಕೂತ ಮೇಲೆ.

ಇಷ್ಟೆಲ್ಲ ಮಾಡಿ ಒಂದೇ ಈಡು! ಅದೂ 25 ಮಾರಿನಾಚೆ ಭರವಸೆಯಿಲ್ಲದ್ದು. ಗೀರುನಳಿಗೆಯ ರೈಫಲ್ಲಿನಿಂದ ಗುಂಡು ಬುಗುರಿಯಂತೆ ತಿರುಗುತ್ತ ಹೋಗುವದರಿಂದ ನೆಟ್ಟಗೆ ಹೋಗುವದು; ನುಣುಪಾದ ನಳಿಗೆಯಿಂದ ಹೊರಟದ್ದಕ್ಕೆ ಆ ತಿರುಗು ಇಲ್ಲ. ಇಂಗ್ಲಿಷರ ಸಿಪಾಯಿಗಳ ಕೈಯಲ್ಲಿದ್ದ ಬ್ರೌನ್ ಬೆಸ್ ಕೋವಿಯೂ ಇದೇ ಜಾತಿಯದು. ಸಾಲಾಗಿ ನಿಂತು ಒಮ್ಮೆಲೆ ಹೊಡೆಯುವ ಪದ್ಧತಿಗೆ ಈ ದೋಷವೇ ಒಂದು ಕಾರಣ: ಒಬ್ಬನದು ತಪ್ಪಿದರೆ ಇನ್ನೊಬ್ಬನದು ತಗಲೀತು. ಈ ಕೊರತೆಯನ್ನು ನೀಗಲು ಜರ್ಮನಿಯ ವಿಲ್ಹೆಲ್ಮ್ ಬ್ರೆನ್ನೆಕೆ 1898ರಲ್ಲಿಯೂ ಅಮೇರಿಕೆಯ ಕಾರ್ಲ್ ಫೋಸ್ಟರ್ 1931ರಲ್ಲಿಯೂ ಉದ್ದನೆಯ ಸೀಸದ ತುಂಡುಗಳನ್ನು ರಚಿಸಿದರು. ಅವುಗಳ ಭಾರವೆಲ್ಲ ಮೂತಿಯಲ್ಲಿ, ಬಾಲ ಹಗುರು. ಬ್ಯಾಡ್ಮಿಂಟನ್ ಹೂವಿನಂತೆ ಮೂತಿ ಮುಂದಾಗಿಯೇ ಹೋಗುತ್ತವೆ. ಅವು ತೋಟೆಯ ಕೋವಿಯ ಕಾಲದವು. ನಮ್ಮ ಕಡೆಯ ಕೆಲವರು ಇದರ ಸುದ್ದಿಯನ್ನು ಅರೆಬರೆ ಕೇಳಿ ಸೀಸದ ಸಲಾಕೆಯನ್ನು ಕತ್ತರಿಸಿ ತುಂಬುತ್ತಿದ್ದರು. ಅದು ಗಾಳಿಯಲ್ಲಿ ಲಾಗ ಹಾಕುತ್ತ ಎಲ್ಲಿಗೋ ಹೋಗುವದು. "ಉಂಡೆಗೆ ಮುಖವಿಲ್ಲ, ಬೆನ್ನಿಲ್ಲ, ಹೇಗೆ ಹೋದರೂ ಅದೇ. ತುಂಡಿಗೆ ಹಾಗಲ್ಲ ತಮ್ಮಾ" ಎಂದು ದೊಡ್ಡಪ್ಪನವರು ಹೇಳುತ್ತಿದ್ದರು.

ಇದಕ್ಕಿಂತ ಕೆಟ್ಟ ಸಾಹಸವೊಂದುಂಟು. ಕರಿಮದ್ದು ಸಿಗದಾಗ ತೋಟೆಯೊಳಗಿನ ಹೊಗೆಯಿಲ್ಲದ ಮದ್ದನ್ನು ಬಿಡಿಸಿ ಕೇಪಿನ ಕೋವಿಗೆ ಹಾಕುವದು. ಹೊಗೆಯಿಲ್ಲದ ಮದ್ದು 1884ರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾದದ್ದು. ಅದರ ಒತ್ತಡವನ್ನು ತಾಳುವ ಶಕ್ತಿಯು ಹಳೆಯ ನಳಿಗೆಗೆ ಇರುವದಿಲ್ಲ. ಅಂಥವರ ಬೆರಳುಗಳನ್ನು ಎಣಿಸಿ ನೋಡಿದರೆ ಸಾಕು.

ಕರಿಮದ್ದಿನ ದೊಡ್ಡ ದೋಷವೆಂದರೆ ಕೊಳೆ. ಪೆಟ್ಲುಪ್ಪು, ಇದ್ದಲು, ಗಂಧಕ ಈ ಮೂರರ ಮಿಶ್ರಣವು ಉರಿದಾಗ ಅರ್ಧಕ್ಕಿಂತ ಹೆಚ್ಚು ತೂಕವು ಹೊಗೆಯಲ್ಲಿ ಮತ್ತು ಮಸಿಯಲ್ಲಿ ಘನವಸ್ತುವಾಗಿಯೇ ಉಳಿಯುತ್ತದೆ. ಈ ಮಸಿಯು ಗಾಳಿಯ ತೇವವನ್ನು ಹೀರುವದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಕಡಲಿನ ಉಪ್ಪುಗಾಳಿ ಬೀಸುವ ಅಂಕೋಲೆಯಲ್ಲಿ ಒಂದಿರುಳು ತೊಳೆಯದೆ ಬಿಟ್ಟರೆ ಬೆಳಗಿಗೆ ನಳಿಗೆಯು ತುಕ್ಕಿನಿಂದ ಕೆಂಪು. ಆದುದರಿಂದ ಮಾಳದಿಂದ ಈಡಿನ ಸದ್ದು ಕೇಳಿದೊಡನೆ ದೊಡ್ಡಮ್ಮ ಎದ್ದು ಹಂಡೆಗೆ ಉರಿ ಹಾಕುತ್ತಿದ್ದರು. ಹಂದಿ ಬಿದ್ದಿತೋ ಇಲ್ಲವೋ ಎಂಬದನ್ನು ಅವರು ಕೇಳುತ್ತಿರಲಿಲ್ಲ. "ನೀರು ಕಾದದೆ" ಎಂದಷ್ಟೇ ಹೇಳುತ್ತಿದ್ದರು. ಕುದಿನೀರನ್ನು ಹೊಯ್ದಾಗ ನಳಿಗೆಯಿಂದ ಕೊಳೆತ ಮೊಟ್ಟೆಯ ನಾತವು ಮನೆಯೆಲ್ಲ ಹರಡುತ್ತಿತ್ತು. ಕೊನೆಗೆ ಒಣ ಅರಿವೆ, ಎಣ್ಣೆ.

ಸರಕಾರದ ಸಂಬಂಧವನ್ನು ಹೇಳದೆ ಕೋವಿಯ ಕಥೆಯು ಮುಗಿಯದು. 1878ರ ಆಯುಧಗಳ ಕಾಯಿದೆಯಿಂದ ಪರವಾನಿಗೆಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವದು ಅಪರಾಧವಾಯಿತು. ಕೊಡಗಿನವರಿಗೆ ಇದರಿಂದ ಬಿಡುಗಡೆ ದೊರೆತಿತ್ತು. ಅದು ಇಂದಿಗೂ ನಡೆದಿದೆ. 1930ರ ಜನವರಿಯಲ್ಲಿ ಗಾಂಧೀಜಿಯವರು ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯನ್ನು ತೆಗೆಯಬೇಕೆಂಬದು ಒಂದು. ಆತ್ಮರಕ್ಷಣೆಗಾಗಿ ಕೋವಿಯ ಪರವಾನಿಗೆಯನ್ನು ಕೊಡಬೇಕೆಂಬದು ಇನ್ನೊಂದು. ಆ ವರ್ಷದ ಎಪ್ರಿಲಿನಲ್ಲಿ ಅಂಕೋಲೆಯ ಜನರು ಉಪ್ಪನ್ನು ತಯಾರಿಸಿ ಕಾಯಿದೆಯನ್ನು ಮುರಿದ ಸಂಗತಿಯು ಎಲ್ಲರಿಗೂ ಗೊತ್ತು. ಅದೇ ಪಟ್ಟಿಯಲ್ಲಿದ್ದ ಕೋವಿಯ ಮಾತನ್ನು ಹೆಚ್ಚಿನವರು ಮರೆತಿದ್ದಾರೆ. ಸ್ವತಂತ್ರ ಭಾರತದ 1959ರ ಕಾಯಿದೆಯು ಬೆಳೆಯ ರಕ್ಷಣೆಗಾಗಿ ಬಾಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಪರವಾನಿಗೆಗೆ ಅವಕಾಶ ಮಾಡಿಕೊಟ್ಟಿದೆ. ಅದರಿಂದ ಕೆಲಸ ಸಾಗದೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ ಮಾತ್ರ ಬೆಳೆಗಾಗಿ ಬೇರೆ ಜಾತಿಯ ಕೋವಿ. ಒಕ್ಕಲಿಗನಿಗೆ ನಿಧಾನವಾದ ಒಂದು ಈಡು ಸಾಕೆಂದು ಕಾಯಿದೆಯನ್ನು ಬರೆದವರು ಎಣಿಸಿದಂತೆ ಕಾಣುತ್ತದೆ. 1972ರ ವನ್ಯಜೀವಿ ಕಾಯಿದೆಯು ಬಂದ ಮೇಲೆ ಕೋವಿಯ ಪರವಾನಿಗೆಯೊಂದೇ ಸಾಲದು. ಬೆಳೆ ತಿನ್ನುವ ಹಂದಿಯನ್ನು ಕೊಲ್ಲುವದಕ್ಕೂ ಅಪ್ಪಣೆ ಬೇಕು. ಆಮೇಲೆ ನಮ್ಮ ಕೋವಿಯು ಹೆಚ್ಚಾಗಿ ಸದ್ದಿಗಷ್ಟೇ ಆಯಿತು. ಇನ್ನು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಒಪ್ಪಿಸಿ ಚೀಟಿ ಪಡೆಯಬೇಕು, ಮುಗಿದ ಮೇಲೆ ಮರಳಿ ತರಬೇಕು.

2013ರ ಮೇ ತಿಂಗಳಿನ ಚುನಾವಣೆಗೂ ಹೀಗೆಯೇ ಆಯಿತು. ಕೋವಿಯು ಹೋಯಿತು, ಬಂದಿತು. ಆ ಮಳೆಗಾಲದಲ್ಲಿ ದೊಡ್ಡಪ್ಪನವರು ಜ್ವರದಿಂದ ಹಾಸಿಗೆ ಹಿಡಿದರು. ಮಾಳಕ್ಕೆ ಹೋಗಲೇ ಇಲ್ಲ. ಕಾರ್ತಿಕದಲ್ಲಿ ತೀರಿಕೊಂಡರು. ಹನ್ನೆರಡು ದಿನಗಳು ಕಳೆದ ಮೇಲೆ ಕೋವಿಯ ಮಾತು ಬಂದಿತು. ಪರವಾನಿಗೆಯುಳ್ಳವರು ತೀರಿದ ಬಳಿಕ ಅದನ್ನು ಮನೆಯಲ್ಲಿ ಇಡುವಂತಿಲ್ಲ. ಹುಬ್ಬಳ್ಳಿಯಿಂದ ಬಂದಿದ್ದ ಅವರ ಮಗ, ಎಂದರೆ ನನ್ನ ಅಣ್ಣ, ಅದನ್ನು ಅರಿವೆಯಲ್ಲಿ ಸುತ್ತಿ ಮೋಟಾರ್ ಸೈಕಲ್ಲಿನ ಮೇಲೆ ಅಂಕೋಲೆಗೆ ಒಯ್ಯುವವನಿದ್ದ. ಬರಿದೋ ತುಂಬಿದ್ದೋ ಎಂದು ನಾನು ಕೇಳಿದೆ. ಠಾಣೆಯಿಂದ ಬರಿದಾಗಿಯೇ ಬಂದದ್ದೆಂದು ಅಣ್ಣ ಹೇಳಿದ. "ಅವರು ಆಮೇಲೆ ಮಾಳಕ್ಕೆ ಹೋಗಲೇ ಇಲ್ಲವಲ್ಲ" ಎಂದು ದೊಡ್ಡಮ್ಮ ಹೇಳಿದರು. ಎರಡೂ ನಿಜವಾದ ಮಾತುಗಳೇ. ಕುದುರೆಯ ಕೆಳಗೆ ಕೇಪೂ ಇರಲಿಲ್ಲ. ಅಷ್ಟು ಹೊತ್ತಿಗೆ ಅಣ್ಣನ ಆರು ವರ್ಷದ ಮಗನು ಕೋವಿಯ ಹಿಡಿಯನ್ನು ಕಾಲಿನ ಮೇಲಿಟ್ಟುಕೊಂಡು ನಳಿಗೆಯ ಬಾಯಲ್ಲಿ ಕಣ್ಣಿಟ್ಟು ನೋಡುತ್ತಿದ್ದ.

ಜಗಲಿಯ ತುದಿಯಲ್ಲಿ ಕೂತಿದ್ದ ಗೌಡರು ಎದ್ದು ಬಂದು ಹುಡುಗನ ಕೈಯಿಂದ ಅದನ್ನು ಬಿಡಿಸಿಕೊಂಡರು. ಯಾರ ಮಾತಿಗೂ ಅವರು ಎದುರಾಡಲಿಲ್ಲ. ಗಜವನ್ನು ಸೆಳೆದು ಮೆಲ್ಲನೆ ಇಳಿಬಿಟ್ಟರು. ಅದು ನಿಂತಿತು. ಕೆಳಗಿನ ಗೀರು ನಳಿಗೆಯ ಬಾಯಿಗೆ ಕೂದಲೆಳೆಯಷ್ಟೂ ತಪ್ಪದೆ ಸಮನಾಗಿತ್ತು.

"ಒಡೆಯರು ತುಂಬಿ ಇಟ್ಟಾರೆ" ಎಂದರು.

ಜ್ವರ ಬರುವ ಮುಂಚೆಯೇ, ತೆನೆಯ ಕಾಲಕ್ಕೆಂದು ಅವರು ತುಂಬಿದ್ದಿರಬೇಕು. ಬೇರೆ ದಾರಿಯಿಲ್ಲ. ಅಣ್ಣನು ಹಿತ್ತಲಿನ ದಿಬ್ಬಕ್ಕೆ ಹೊಡೆದುಬಿಡೋಣವೆಂದ, ಗೌಡರು ಒಪ್ಪಲಿಲ್ಲ. ಮೂರು ತಿಂಗಳು ಮಳೆಯಲ್ಲಿ ಕೂತ ಈಡು, ಒಳಗೆ ತುಕ್ಕು ಎಷ್ಟಿದೆಯೋ ಯಾರು ಬಲ್ಲರು? ಅವರು ಬಾಯಿಂದಲೂ ಕೇಪಿನ ಕೊಳವೆಯಿಂದಲೂ ನೀರು ಹೊಯ್ದು, ಕೋವಿಯನ್ನು ಇಡೀ ರಾತ್ರಿ ಬಾಯಿ ಮೇಲಾಗಿ ದನದ ಕೊಟ್ಟಿಗೆಯ ಆಚೆಗೆ, ಯಾರೂ ಸುಳಿಯದ ಕಡೆ ಕಟ್ಟಿ ನಿಲ್ಲಿಸಿದರು. ತೊಯ್ದ ಕರಿಮದ್ದಿಗೆ ಬೆಂಕಿ ಹತ್ತದು. ಬೆಳಿಗ್ಗೆ ಗಜದ ತುದಿಗೆ ತಿರುಪಿನ ಮೊಳೆಯನ್ನು ಸಿಕ್ಕಿಸಿ, ಬಾಯಿಯ ನೇರಕ್ಕೆ ತಾನೂ ನಿಲ್ಲದೆ ಇನ್ನೊಬ್ಬರನ್ನೂ ನಿಲ್ಲಗೊಡದೆ, ಮೇಲಿನ ಕತ್ತವನ್ನು ಎಳೆದರು. ಆ ಮೇಲೆ ತಿರುಪು ಮೆತ್ತಗಿನ ಸೀಸದೊಳಗೆ ಇಳಿಯಬೇಕು. ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಗುಂಡು ಅರಿವೆಯ ಸಮೇತ ಬಂದಿತು. ಅದರ ಹಿಂದೆ ಕೆಳಗಿನ ಕತ್ತ, ಆಮೇಲೆ ಕಾಡಿಗೆಯಂಥ ಕರಿನೀರು.

ದೊಡ್ಡಮ್ಮ ಅರಿವೆಯನ್ನು ಬಿಡಿಸಿ ನೋಡಿದರು. ಹಸಿರು ಅಂಚಿನ ತುಂಡು. "ಇದು ಯುಗಾದಿಗೆ ಉಟ್ಟದ್ದು. ಹರಿದದ್ದು ಜೇಷ್ಠದಲ್ಲಿ" ಎಂದರು. ಆಮೇಲೆ ಒಳಗೆ ಹೋಗಿ ಹಂಡೆಗೆ ಉರಿ ಹಾಕಿದರು. ಈಡು ಹಾರಿರಲಿಲ್ಲವಾದರೂ ನಳಿಗೆಗೆ ಬಿಸಿನೀರು ಬೇಕಾಗಿತ್ತು.

ಕೋವಿಯನ್ನು ಅದೇ ದಿನ ಒಪ್ಪಿಸಿದೆವು. ಅಣ್ಣನು ತನ್ನ ಹೆಸರಿಗೆ ಪರವಾನಿಗೆಯನ್ನು ಬೇಡಬಹುದಾಗಿತ್ತು, ಬೇಡಲಿಲ್ಲ. ವರ್ಷಕ್ಕೆರಡು ಸಲ ಊರಿಗೆ ಬರುವವನು ಕೋವಿಯನ್ನಿಟ್ಟು ಮಾಡುವದೇನು ಎಂಬದು ಅವನ ವಾದ. ನನಗೆ ಅದು ಸರಿಯೆಂದೇ ತೋರಿತು, ಆದರೂ ಗದ್ದೆಯನ್ನು ಗೇಣಿಗೆ ಮಾಡುವವರು ಆ ವರ್ಷ ಕೊಯ್ಲಿಗೆ ಮುಂಚೆ ಎರಡು ಸಲ ಬಂದು ಹಂದಿಯ ಲೂಟಿಯನ್ನು ಹೇಳಿ ಹೋಗಿದ್ದರು. ಈಗ ಅವರು ಬ್ಯಾಟರಿಯ ತಂತಿಬೇಲಿಯನ್ನು ಹಾಕಿಸಿಕೊಂಡಿದ್ದಾರೆ. ಅದು ನಡೆಯುವಷ್ಟು ದಿನ ನಡೆಯುತ್ತದೆ, ಮಳೆಗೆ ಬಳ್ಳಿ ಹಬ್ಬಿದಾಗ ನಿಲ್ಲುತ್ತದೆ.

ಗುಂಡು ಕೆಲವು ದಿನ ಜಗಲಿಯ ಗೂಡಿನಲ್ಲಿ ಇತ್ತು, ತಿರುಪಿನ ತೂತಿನೊಡನೆ. ಒಂದು ದಿನ ಗೌಡರು ಬಂದು, ಬೀಸುಬಲೆಗೆ ಸೀಸ ಸಾಲದೆಂದು ಹೇಳಿ ಅದನ್ನು ಕೇಳಿದರು. ದೊಡ್ಡಮ್ಮ ಕೊಟ್ಟರು. ಅವರು ಅಂಗಳದ ಕಲ್ಲಿನ ಮೇಲೆಯೇ ಅದನ್ನು ಬಡಿದು ಹಾಳೆ ಮಾಡಿ, ಐದು ತುಂಡು ಕತ್ತರಿಸಿ, ಬಲೆಯ ಅಂಚಿನ ಹುರಿಗೆ ಸುತ್ತಿಕೊಂಡು ಹೊಳೆಯ ಕಡೆಗೆ ಹೋದರು.